ನೇತ್ರಾಣಿಯಲ್ಲಿ ಜಾರಿದ ಮಾಸ್ಕ್

ಡಿಸೆಂಬರ್ ರಜೆಗೆ ಮೊದಲು ಒಂದು ವಾರ, ಹನುಮಂತನಗರದ ನಮ್ಮ ಬಚ್ಚಲುಮನೆಯಲ್ಲಿ ವಿಚಿತ್ರ ಅಭ್ಯಾಸ ನಡೆದಿತ್ತು. ಏಳನೇ ತರಗತಿಯ ಮೊಮ್ಮಗಳು ಬಾಯಿಗೆ ಉಸಿರುಕೊಳವೆ ಕಚ್ಚಿಕೊಂಡು, ಬಕೆಟ್ ನೀರಿನಲ್ಲಿ ಮುಖ ಮುಳುಗಿಸಿ ಉಸಿರಾಡುತ್ತಿದ್ದಳು. ಮಾಸ್ಕ್ ಇಲ್ಲ, ಮೂಗು ಮುಚ್ಚಿಲ್ಲ. ಅಜ್ಜಿ ಪಕ್ಕದಲ್ಲೇ ಕಾವಲು.

“ಮೂಗಿಗೆ ನೀರು ಹೋಗಲ್ವೇನೇ?”

“ಬಾಯಲ್ಲೇ ಉಸಿರಾಡಿದರೆ ಹೋಗಲ್ಲ ಅಜ್ಜಿ.”

ರಾತ್ರಿ ಬಸ್ಸು ಹತ್ತಿ ಮುರುಡೇಶ್ವರಕ್ಕೆ ಹೋದೆವು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ಸಮುದ್ರದಲ್ಲಿದೆ ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರದ ದ್ವೀಪ. ಪಾರಿವಾಳ ದ್ವೀಪವೆಂದೂ ಕರೆಯುತ್ತಾರೆ. ದೋಣಿ ದೂರ ಹೋದಷ್ಟೂ 123 ಅಡಿಯ ಶಿವ ಬೊಂಬೆಯಷ್ಟಾಗುತ್ತಾ ಹೋದ. ನನಗೋ ಹೊಟ್ಟೆ ತೊಳಸು; ದೋಣಿಯಲ್ಲೇ ಉಳಿದೆ. ತರಬೇತುದಾರರ ಜೊತೆ ಮೊಮ್ಮಗಳು ನೀರಿಗಿಳಿದಳು. ಆಮೇಲೆ ನನಗೆ ಕಂಡದ್ದು ಗುಳ್ಳೆಗಳು ಮಾತ್ರ.

ಕೆಳಗೆ ನಡೆದದ್ದನ್ನು ಅವಳೇ ಹೇಳಿದಳು. ಸುಮಾರು 6 ಮೀಟರ್ ಆಳದಲ್ಲಿ ಹವಳದ ಬಂಡೆಯ ಪಕ್ಕ ಗಿಳಿಮೀನು ನೋಡುತ್ತಿದ್ದಾಗ, ಮುಂದಿದ್ದವರು ಕಾಲಿಗೆ ಕಟ್ಟಿದ್ದ ರಬ್ಬರ್ ರೆಕ್ಕೆ ಇವಳ ಮುಖಕ್ಕೆ ತಗುಲಿತು. ಮಾಸ್ಕ್ ಓರೆಯಾಗಿ ಒಳಗೆಲ್ಲ ನೀರು! ಮೀನು, ಬಂಡೆ ಎಲ್ಲ ಮಸುಕು. ನಮ್ಮ ಕಣ್ಣು ಗಾಳಿಯಲ್ಲಿ ನೋಡಲು ಹೊಂದಿಕೊಂಡದ್ದು. ಕಣ್ಣಿನ ಮುಂದೆ ಗಾಳಿ ಇಲ್ಲದಿದ್ದರೆ ನೀರಿನಲ್ಲಿ ಏನೂ ಸ್ಪಷ್ಟವಾಗದು.

ಒಂದೇ ಏಟಿಗೆ ಮೇಲೆ ಬಂದುಬಿಡೋಣ ಅನ್ನಿಸಿತಂತೆ. ಅದೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಉಸಿರು ಬಿಗಿಹಿಡಿದು ಸರ್ರನೆ ಮೇಲೇರಿದರೆ, ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಆದರೆ ಮಾಸ್ಕ್ ತುಂಬಿದರೂ ಉಸಿರು ನಿಂತಿರುವುದಿಲ್ಲವಲ್ಲ! ಗಾಳಿ ಬರುವುದು ಬಾಯಲ್ಲಿರುವ ರೆಗ್ಯುಲೇಟರಿನಿಂದ. ಬಕೆಟ್ಟಿನ ಪಾಠ ಅವಳಿಗೆ ಅಲ್ಲಿ ನೆನಪಾಯಿತು. ಬಾಯಲ್ಲಿ ನಿಧಾನವಾಗಿ ಎರಡು ಸಲ ಉಸಿರಾಡಿದಳು. ಮಾಸ್ಕನ್ನು ನೆಟ್ಟಗೆ ಮಾಡಿಕೊಂಡು, ಅದರ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟಳು. ಒಳಗೆ ತುಂಬಿದ ಗಾಳಿ ನೀರನ್ನು ಕೆಳಗಿನ ಅಂಚಿನಿಂದ ಹೊರಗೆ ದಬ್ಬಿತು. ಮೊದಲ ಸಲ ಅರ್ಧ, ಎರಡನೇ ಸಲ ಪೂರ್ತಿ.

ಡೈವಿಂಗ್ ಮಾಸ್ಕಿನೊಳಗೆ ಮೂಗೂ ಸೇರಿರುವುದು ಇದಕ್ಕೇ. ಈಜುಕೊಳದ ಕನ್ನಡಕದಲ್ಲಿ ಈ ಉಪಾಯ ನಡೆಯದು.

“ಮಾಸ್ಕ್ ಕಳಚಿ ತಳಕ್ಕೇ ಹೋಗಿದ್ದರೆ? ಗಾಜೇ ಒಡೆದಿದ್ದರೆ?” ಎಂದು ತರಬೇತುದಾರರನ್ನು ಕೇಳಿದೆ. ಆಗಲೂ ಬಾಯಲ್ಲೇ ಉಸಿರಾಟ. ಜೊತೆಗಾರರ ತೋಳು ಹಿಡಿಯಬೇಕು, ಅವರ ಬಳಿ ಇನ್ನೊಂದು ಮಾಸ್ಕ್ ಇದ್ದರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಇಬ್ಬರೂ ಉಸಿರಾಡುತ್ತಲೇ ನಿಧಾನವಾಗಿ ಮೇಲೆ ಬರಬೇಕು ಎಂದರು. ಅಷ್ಟು ಹೊತ್ತೂ ಇವಳ ಸಿಲಿಂಡರನ್ನು ಅವರು ಕೈಬಿಟ್ಟಿರಲಿಲ್ಲವಂತೆ. ಇದನ್ನು ಮೊದಲೇ ಹೇಳಬಾರದಿತ್ತೇ!

ದಡ ಸೇರುವ ಮುನ್ನ ಮೊಬೈಲಿಗೆ ಸಿಗ್ನಲ್ ಬಂತು. ಅಜ್ಜಿಯದೇ ಮೊದಲ ಕರೆ.

“ಮೂಗಿಗೆ ನೀರು ಹೋಯ್ತೇನೇ?”

“ಸ್ವಲ್ಪ ಹೋಯ್ತು ಅಜ್ಜಿ. ಉಪ್ಪು ಜಾಸ್ತಿ.”