ಅವ್ವನ ಒಲಿ, ನಮ್ಮ ಭಾಷಣ



ಆಳಂದ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಒಂದು ರಾತ್ರಿ ಸಭೆ ಕೂಡಿತ್ತು. ಕಲಬುರಗಿಯಿಂದ ಬಂದ ವಿದ್ಯಾರ್ಥಿಗಳು, ಇಬ್ಬರು ಮಾಸ್ತರರು, ನಾವು, ಎಲ್ಲ ಸೇರಿ ಹದಿನೈದು ಜನ. ಹೊರಗಿನ ಪಡಸಾಲಿಯಲ್ಲಿ ಕುಂತು ಭೂಮಿಯ ಬಗ್ಗೆ, ಕೂಲಿಯ ಬಗ್ಗೆ, ಅಂಬೇಡ್ಕರರ ಬಗ್ಗೆ ಮಾತಾಡುತ್ತಿದ್ದೆವು. ಒಳಗೆ ಅವ್ವ ಹದಿನೈದು ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಹಸಿ ಜಾಲಿ ಕಟ್ಟಿಗೆಯ ಹೊಗೆ ಪಡಸಾಲಿಗೆ ಬಂತು. ನಮ್ಮಲ್ಲೊಬ್ಬ ಕಣ್ಣು ಒರೆಸಿಕೊಂಡು, "ಯವ್ವಾ, ಹೊಗಿ ಭಾಳ ಬರ್ಲಕತ್ತದ, ನಡುವಿನ ಬಾಗಲ ಮುಚ್ಚು" ಅಂದ. ಅವ್ವ ಮುಚ್ಚಿದಳು. ಶೋಷಣೆಯ ಬಗ್ಗೆ ನಮ್ಮ ಮಾತು ಮುಂದುವರಿಯಿತು. ಬಾಗಿಲ ಆಚೆ ಅವಳ ಕೆಮ್ಮು ಮುಂದುವರಿಯಿತು.

ಆ ಬಾಗಿಲು ಮುಚ್ಚಿಸಿದ್ದು ಗೌಡನಲ್ಲ, ಸರ್ಕಾರವಲ್ಲ. ನಾವು. ಇದನ್ನು ಮೊದಲು ಒಪ್ಪಿಕೊಳ್ಳದೆ ಒಲೆಯ ಬಗ್ಗೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಹೊಗೆಗೂ ಜಾತಿ ಇದೆ ಎಂಬುದು ನಮಗೆ ಗೊತ್ತಿತ್ತು. ಊರ ನಡುವಿನ ವಾಡೆಯಲ್ಲಿ ಅಡಿಗೆಮನೆ ಬೇರೆ, ಮೇಲೆ ಬೆಳಕಿಂಡಿ, ಮಗ್ಗುಲಿಗೆ ಅಂಗಳ. ಕೇರಿಯ ಮನೆಯಲ್ಲಿ ಇರುವುದೇ ಒಂದು ಅಂಕಣ, ಬಹಳವಾದರೆ ಎರಡು. ಅಲ್ಲೇ ಒಲಿ, ಅಲ್ಲೇ ತೊಟ್ಟಿಲು, ಅಲ್ಲೇ ಮುದುಕರ ಹಾಸಿಗೆ. ವಾಡೆಗೆ ಒಣಗಿದ ಬೊಡ್ಡೆ ಒಡೆದು ಹಾಕುವವರು ನಾವು. ನಮ್ಮ ಒಲೆಗೆ ತೊಗರಿ ಕಟಗಿ, ಹತ್ತಿ ಕಟಗಿ, ಕುಳ್ಳು, ಒಡ್ಡಿನ ಮೇಲಿನ ಹಸಿ ಜಾಲಿ. ರಾಶಿ ಮುಗಿದ ಮೇಲೆ ಆ ತೊಗರಿ ಕಟಗಿ ತರಲಿಕ್ಕೂ ಹೊಲದವರ ಮುಂದೆ ಕೈಕಟ್ಟಿ ನಿಲ್ಲಬೇಕು. ನಾವು ಒಡೆದ ಕಟ್ಟಿಗೆ ಅವರ ಒಲೆಗೆ ಮೈಲಿಗೆಯಲ್ಲ, ನಾವು ಒಲೆ ಮುಟ್ಟಿದರೆ ಮೈಲಿಗೆ! 2002ರಲ್ಲಿ ಅಕ್ಷರ ದಾಸೋಹ ಮೊದಲು ನಮ್ಮ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಆ ಮೇಲಿನ ವರ್ಷಗಳಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ, ಶಾಲೆಯ ಒಲೆ ಹೊತ್ತಿಸಿದವಳು ದಲಿತ ಹೆಣ್ಮಗಳು ಎಂದು ತಿಳಿದು, ಮಕ್ಕಳಿಗೆ ಉಣಬೇಡಿ ಎಂದ ತಂದೆತಾಯಿಗಳಿದ್ದರು. ಇದರ ವಿರುದ್ಧ ನಾವು ಬರೆದೆವು, ಕೂಗಿದೆವು. ಆದರೆ ನಮ್ಮದೇ ಮನೆಯ ಹೊಗೆಯನ್ನು ಮಾತ್ರ ಹಣೆಬರಹ ಎಂದು ಬಿಟ್ಟೆವು.

ಅದು ಹಣೆಬರಹವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ 5 ವರ್ಷದೊಳಗಿನ ಮಕ್ಕಳೇ 2 ಲಕ್ಷ 37 ಸಾವಿರಕ್ಕಿಂತ ಹೆಚ್ಚು. ಸತ್ತವರ ಮನೆಯಲ್ಲಿ ಇದಕ್ಕೆ ದಮ್ಮು ಅಂದಿರುತ್ತಾರೆ, ಕೂಸಿಗೆ ಡಬ್ಬಿ ಬಿತ್ತು ಅಂದಿರುತ್ತಾರೆ. ಒಲೆ ಎಂದು ಯಾರೂ ಅಂದಿರುವುದಿಲ್ಲ.

ಒಲೆಯ ಬಗ್ಗೆ ಯೋಚಿಸಿದವರು ಇರಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಗುರಿ. 1980ರ ದಶಕದಲ್ಲಿ ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆ ಕೂಡುವ ಮುಚ್ಚಿದ ಒಲೆ, ಉರಿಯ ಕೆಳಗೆ ಕಬ್ಬಿಣದ ಜಾಳಿಗೆ, ಹೊಗೆ ಹೋಗಲು ಕೊಳವೆ. ಅದೇ ದಶಕದಲ್ಲಿ ಕೇಂದ್ರ ಸರ್ಕಾರವೂ ದೇಶದ ತುಂಬ ಸುಧಾರಿತ ಒಲೆ ಹಾಕಿಸುವ ಕಾರ್ಯಕ್ರಮ ತಂದು, 2002ರಲ್ಲಿ ನಿಲ್ಲಿಸಿತು.

ಹೊಗೆಯಿಲ್ಲದ ಒಲೆ ಎಂದು ಹೇಳಿಕೊಂಡು ಒಬ್ಬ ಗುತ್ತೇದಾರ ನಮ್ಮ ಮನೆಗೂ ಬಂದಿದ್ದ. ಅವ್ವನನ್ನು ಹೊರಗೆ ನಿಲ್ಲಿಸಿ ಅರ್ಧ ದಿನದಲ್ಲಿ ಒಲೆ ಹಾಕಿಹೋದ. ಅವನು ಇಟ್ಟ ಕೊಳವೆ ಮಾಳಿಗೆಯ ತೊಲೆಯ ಕೆಳಗೇ ಮುಗಿದಿತ್ತು. ಹೊಗೆ ಒಲೆಯ ಬಾಯಿಂದ ಬರುವ ಬದಲು ತಲೆಯ ಮೇಲಿಂದ ಬಂತು, ಅಷ್ಟೇ ಫರಕು. ತೂತುಗಳು ಗಡಿಗೆಯ ಅಳತೆಯವು. ರೊಟ್ಟಿ ಹಂಚು ಅದರ ಮೇಲೆ ಕೂಡಲಿಲ್ಲ, ಸಂದಿಯಿಂದ ಹೊಗೆ ಎದ್ದಿತು. ತಿಂಗಳು ತುಂಬುವುದರೊಳಗೆ ಅವ್ವ ಒಲೆ ಒಡೆದು ಮತ್ತೆ ಮೂರು ಕಲ್ಲು ಇಟ್ಟಳು. "ನಮ್ಮ ಮಂದಿಗೆ ತಿಳುವಳಿಕೆ ಇಲ್ಲ" ಎಂದು ನಾವು ಓದಿದವರು ನಕ್ಕೆವು. ರೊಟ್ಟಿ ಎಲ್ಲಿ ಸುಡಲಿ ಎಂದು ಅವಳು ಕೇಳಿದ್ದಕ್ಕೆ ಗುತ್ತೇದಾರನ ಹತ್ತಿರವೂ ಉತ್ತರ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ.

ನಾವು ಪಾಠ ಕಲಿತದ್ದು 2020ರ ಅಕ್ಟೋಬರಿನಲ್ಲಿ. ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಗೆಳೆಯರ ಕೂಡ ಅಕ್ಕಿ, ಬೇಳೆ ಹೊತ್ತುಕೊಂಡು ಹೋದೆವು. ಒಂದು ಕೇರಿಯಲ್ಲಿ ಮುದುಕಿಯೊಬ್ಬಳು ಅಕ್ಕಿ ಇಸಗೊಂಡು ಕೇಳಿದಳು: "ಯಪ್ಪಾ, ಅಕ್ಕಿ ಕೊಟ್ರಿ, ಚಲೋ ಆತು. ಎದರ ಮ್ಯಾಲ ಕುದಸ್ಲಿ?" ನೋಡಿದರೆ ಮನೆಮನೆಯ ಮಣ್ಣಿನ ಒಲೆ ಕರಗಿ ರಾಡಿಯಾಗಿತ್ತು. ಜನ ತಗಡಿನ ಶೆಡ್ಡಿನೊಳಗೆ ಕಲ್ಲು ಹೂಡಿ ತೊಯ್ದ ಕಟ್ಟಿಗೆ ಉರಿಸುತ್ತಿದ್ದರು. ಹೇಗೂ ಹೊಸದಾಗಿ ಹಾಕಬೇಕು, ಸರಿಯಾಗಿಯೇ ಹಾಕೋಣ ಎಂದು ಅಲ್ಲಿನ ಗೌಂಡಿ ಕಾಕಾ ಒಬ್ಬರು ಮುಂದೆ ಬಂದರು. ಅವರು ಕೇರಿಯ ಹೆಣ್ಮಕ್ಕಳನ್ನು ಕೂಡಿಸಿ, ಹಂಚು ತರಿಸಿ, ಹಂಚಿನ ಅಳತೆಗೆ ಒಲೆಯ ಬಾಯಿ ಇಟ್ಟರು. ಮೊದಲು ಕೇಳಿದರು, ಆಮೇಲೆ ಕಟ್ಟಿದರು. ನಾವು ಮಣ್ಣು ತುಳಿದೆವು.

ತುಳಿಯುತ್ತ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ಎರಿ ಮಣ್ಣು ಒಣಗಿದರೆ ಸೀಳುತ್ತದೆ. ಕೆಂಪು ಮಣ್ಣು ಇಲ್ಲವೆ ಹುತ್ತದ ಮಣ್ಣಿಗೆ ಹೊಟ್ಟು, ಸೆಗಣಿ ಕಲಸಬೇಕು. ಒಲೆಯನ್ನು ಹೊರಗೋಡೆಗೆ ಹತ್ತಿಸಿ, ಕಲ್ಲಿನ ಕಟ್ಟೆಯ ಮೇಲೆ, ಬಾಗಿಲ ಗಾಳಿ ನೇರ ಬಡಿಯದ ಕಡೆ, ಕೂಸು ಅಂಬೆಗಾಲಿಡುವ ದಾರಿ ಬಿಟ್ಟು ಹಾಕಬೇಕು. ಒಣಗಲು ವಾರ ಬಿಟ್ಟು, ಮೊದಲು ಸಣ್ಣ ಉರಿ. ಬೂದಿ ಕೆಳಗೆ ಬಿದ್ದು ಗಾಳಿ ಮೇಲೆ ಬರುವಂತೆ ಜಾಳಿಗೆ ಇರಬೇಕು. ಕೊಳವೆ ಮಾಳಿಗೆ ದಾಟಿ ಕನಿಷ್ಠ ಎರಡು ಅಡಿ ಮೇಲೆ ನಿಲ್ಲಬೇಕು, ಮಳೆ ಬೀಳದಂತೆ ತಲೆಗೊಂದು ಟೋಪಿ ಬೇಕು. ಕಬ್ಬಿನ ರವದಿಯ ಛಪ್ಪರವಿದ್ದರೆ ಕೊಳವೆಯನ್ನು ಛಪ್ಪರದ ನಡುವೆ ತೂರಿಸಕೂಡದು. ಮಣ್ಣಿನ ಗೋಡೆಯಿಂದ ಹೊರಗೆ ತೆಗೆದು, ರವದಿಯಿಂದ ದೂರ ಸರಿಸಿ ಮೇಲೆತ್ತಬೇಕು. ಬೇಸಿಗೆ ಗಾಳಿಯಲ್ಲಿ ಒಂದು ಕಿಡಿ ಸಾಕು, ಇಡೀ ಓಣಿ ಹೋಗುತ್ತದೆ. ಹಳೆಯ ಆಸ್ಬೆಸ್ಟಾಸ್ ಕೊಳವೆ ಸಿಕ್ಕರೆ ಕೊಯ್ಯಬೇಡಿ, ಅದರ ಧೂಳು ಪುಪ್ಪುಸಕ್ಕೆ ಕೇಡು. ಒಲೆ ಸರಿ ಆಯಿತೋ ಇಲ್ಲವೋ ತಿಳಿಯಲು, ಒಳಗೆ ಉರಿ ಇದ್ದಾಗ ಬಾಯಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಸೇದಿದರೆ ಒಲೆ ಪಾಸು. ಕೊಳವೆಯ ಮಸಿ ತಿಂಗಳಿಗೊಮ್ಮೆ ತೆಗೆಯಿರಿ, ಕಟ್ಟಿಕೊಂಡ ಮಸಿಗೂ ಬೆಂಕಿ ಹತ್ತುತ್ತದೆ. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿಯಬೇಡಿ. ಕಟ್ಟಿಗೆ, ಕುಳ್ಳು ಒಲೆಯಿಂದ ಒಂದು ಮಾರು ದೂರ ಇರಲಿ. ಬೂದಿಗೆ ನೀರು ಹೊಡೆದು ಆಮೇಲೆ ತಿಪ್ಪೆಗೆ ಹಾಕಿ. ಆರಿದಂತೆ ಕಾಣುವ ಕೆಂಡದಿಂದಲೇ ಬಣವೆ ಸುಡುತ್ತದೆ. ಸೆರಗು ಬಿಗಿದು ಸಿಗಿಸಿ. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಆಮೇಲೆ ದವಾಖಾನೆ. ಮಸಿ, ಪೇಸ್ಟು ಹಚ್ಚಬೇಡಿ.

ಇದ್ದಲಿಯ ಮಾತು ಬೇರೆ. ಅದನ್ನು ಹೇಳಲು ನಮ್ಮ ಅಕ್ಕನ ಕತೆ ಹೇಳಬೇಕು. ಜೇವರ್ಗಿ ಕಡೆಗೆ ಕೊಟ್ಟಿದ್ದ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಚಳಿಗಾಲ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಟ್ಟು ಬಡಿದು, ಹೊರಸಿನ ಕೆಳಗೆ ಇದ್ದಲಿ ತುಂಬಿದ ಶೇಗಡಿ ಇಟ್ಟು, ಬಾಗಿಲು ಹಾಕಿದ್ದೆವು. ಹೊಗೆ ಇರಲಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ನಸುಕಿನಲ್ಲಿ ಕೂಸಿನ ಅಳು ಕೇಳಲಿಲ್ಲವೆಂದು ಅವ್ವ ಬಾಗಿಲು ತಳ್ಳಿದಳು. ಅಕ್ಕನಿಗೆ ಎಚ್ಚರವಿಲ್ಲ, ಕೂಸು ಜೋಲು ಬಿದ್ದಿತ್ತು. ಓಣಿಯವರು "ಗಾಳಿ ಬಡದದ" ಅಂದರು, ಒಬ್ಬರು ನಿಂಬೆಹಣ್ಣು ತಂದರು. ಅವ್ವ ಯಾರ ಮಾತೂ ಕೇಳದೆ ಇಬ್ಬರನ್ನೂ ಅಂಗಳಕ್ಕೆ ಎಳೆದಳು. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ಇಬ್ಬರೂ ಉಳಿದರು.

ಅವರಿಗೆ ಬಡಿದದ್ದು ದೆವ್ವದ ಗಾಳಿಯಲ್ಲ, ಕಾರ್ಬನ್ ಮೊನಾಕ್ಸೈಡ್. ಕಲ್ಲಿದ್ದಲಾಗಲಿ, ಜಾಲಿ ಸುಟ್ಟ ಇದ್ದಲಿಯಾಗಲಿ, ಗಾಳಿ ಸಾಲದ ಕಡೆ ಉರಿದರೆ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂಡುವ ಜಾಗದಲ್ಲಿ ತಾನು ಕೂಡುತ್ತದೆ. ತಲೆನೋವು, ತಲೆ ತಿರುಗು, ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಎಷ್ಟೋ ಜನ ಏಳುವುದಿಲ್ಲ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗುವ ನಮ್ಮ ಹುಡುಗರಿಗೆ ಇದನ್ನು ಹೇಳಿ: ಶೇಗಡಿ ಹೊರಗೇ ಇರಲಿ. ಮಲಗುವ ಕೋಣೆಯೊಳಗೆ ಕೆಂಡ ಬೇಡ. ಯಾರಾದರೂ ಬಿದ್ದರೆ ಮೊದಲು ಬಯಲಿಗೆ ಎಳೆಯಿರಿ, 108ಕ್ಕೆ ಫೋನು ಮಾಡಿ, ನಿಂಬೆಹಣ್ಣು ಆಮೇಲೆ ಪಾನಕಕ್ಕೆ ಇರಲಿ.

"ಈಗ ಗ್ಯಾಸು ಬಂದಾದಲ್ಲ, ಇದೆಲ್ಲಾ ಯಾಕ?" ಎಂದು ಕೇಳುವವರಿದ್ದಾರೆ. 2016ರಲ್ಲಿ ಉಜ್ವಲಾ ಯೋಜನೆ ಬಂತು, ನಮ್ಮ ಕೇರಿಗೂ ಸಿಲಿಂಡರು ಬಂತು, ಅದು ಒಳ್ಳೆಯದೇ. ಆದರೆ ಖಾಲಿಯಾದ ಸಿಲಿಂಡರು ತುಂಬಿಸುವ ರೊಕ್ಕ ದಿನಗೂಲಿಯವರ ಕೈಯಲ್ಲಿ ಒಮ್ಮೆಗೇ ಕೂಡುವುದಿಲ್ಲ. ಗ್ಯಾಸಿನ ಮೇಲೆ ಚಹಾ, ಕಟ್ಟಿಗೆಯ ಮೇಲೆ ರೊಟ್ಟಿ, ಹೀಗೆ ನಡೆದಿದೆ ನಮ್ಮ ಮನೆಗಳಲ್ಲಿ. ತುಂಬಿದ ಸಿಲಿಂಡರು ಬಡವರ ಕೈಗೆ ಎಟುಕಲಿ ಎಂದು ಕೇಳುತ್ತಲೇ ಇರಬೇಕು. ಅದು ಎಟುಕುವ ತನಕ ಅವ್ವ ಉಸಿರು ಹಿಡಿದು ಕಾಯಬೇಕೇನು?

ಜೇವರ್ಗಿಯಿಂದ ಬಂದ ಮೇಲೆ ನಮ್ಮ ಮನೆಯ ಒಲೆಯನ್ನೂ ಒಡೆದು ಹಾಕಿದೆವು. ಅವ್ವ ಅಳತೆ ಹೇಳಿದಳು. ಕೊಳವೆ ಮಾಳಿಗೆ ದಾಟಿತು. ಪೂರಾ ಹೊಗೆ ಹೋಗಿಲ್ಲ, ಮಳೆಗಾಲದ ಹಸಿ ಕಟ್ಟಿಗೆ ಇನ್ನೂ ಕಾಡುತ್ತದೆ. ಆದರೆ ಹೋದ ತಿಂಗಳ ಸಭೆಯಲ್ಲಿ ನಡುವಿನ ಬಾಗಿಲು ತೆರೆದೇ ಇತ್ತು. ಭಾಷಣ ಮುಗಿದ ಮೇಲೆ ಅವ್ವ ಒಳಗಿಂದಲೇ ಅಂದಳು: "ಇಷ್ಟ ವರ್ಷಕ್ಕ ಮೊದಲನೆ ಸಲ ನೀವೇನಂತೀರಿ ಅಂತ ಪೂರಾ ಕೇಳ್ದೆ ನೋಡ್ರಪ್ಪಾ. ಕೂಲಿ ಮಾತು ಬಂತು, ಹೊಲದ ಮಾತು ಬಂತು. ಕಟಗಿ ಮಾತು ಯಾರೂ ತೆಗಿಲಿಲ್ಲ."

ಮುಂದಿನ ಸಭೆಯಲ್ಲಿ ಮೊದಲ ಮಾತು ಕಟಗಿಯದು. ಅವ್ವ ಪಡಸಾಲಿಯಲ್ಲಿ ಕೂಡುತ್ತಾಳೆ, ರೊಟ್ಟಿ ಬಡಿಯುವ ಪಾಳಿ ನಮ್ಮದು. ಸಭೆ ಮುಗಿದ ಮರುದಿನ ಓಣಿಯ ಕೊನೆಯ ಮನೆಯಿಂದ ಒಲೆ ಹಾಕಲು ಶುರು ಮಾಡುತ್ತೇವೆ. ಬರುವವರು ಸಲಿಕೆ ತನ್ನಿ, ಮಣ್ಣು ಇಲ್ಲೇ ಇದೆ.