ಏಳು ಬಾರಿ 6ಬಿ, ತುದಿಯಲ್ಲೊಂದು 83

ಲಿನಕ್ಸ್ ಕರ್ನಲ್ ಕುಸಿದು ಬೀಳುವಾಗ ಬರೆದಿಡುವ ಕೊನೆಯ ಸಂದೇಶದಲ್ಲಿ, ಏಳು ಬಾರಿ 6ಬಿ ಬಂದು ತುದಿಯಲ್ಲಿ 83 ಇರುವ ವಿಳಾಸವೊಂದು ಕಂಡಿತೆಂದರೆ ಪಳಗಿದ ಓದುಗನಿಗೆ ಅರ್ಧ ಕಥೆ ಅಲ್ಲೇ ತಿಳಿದುಹೋಗುತ್ತದೆ. ಮೆಮೊರಿಯನ್ನು ಹಂಚುವ ಸ್ಲಬ್ ವ್ಯವಸ್ಥೆಯು, ತಪಾಸಣೆಯ ಆಯ್ಕೆ ಚಾಲೂ ಇದ್ದರೆ, ಹಿಂದಿರುಗಿ ಬಂದ ಜಾಗವನ್ನು ಹದಿನಾರರ ಎಣಿಕೆಯ 6ಬಿ ಎಂಬ ಬೈಟಿನಿಂದ ತುಂಬಿಸಿಡುತ್ತದೆ. ಬಲ್ಲವರು ಇದನ್ನು ಪಾಯ್ಸನ್, ಅಂದರೆ ವಿಷ, ಎಂದೇ ಕರೆಯುತ್ತಾರೆ. ಬಿಟ್ಟುಕೊಟ್ಟ ಜಾಗವನ್ನು ಇನ್ನೂ ತನ್ನದೆಂದೇ ನಂಬಿದ ಕೋಡು ಅಲ್ಲಿಂದ ಪಾಯಿಂಟರ್ ಒಂದನ್ನು, ಎಂದರೆ ಇನ್ನೊಂದು ಜಾಗದ ವಿಳಾಸವನ್ನು, ಓದಿಕೊಂಡರೆ ಅದರ ಕೈಗೆ ಬರುವುದು ಈ ವಿಷವೇ. 83ರಿಂದ 6ಬಿ ಕಳೆದರೆ ಉಳಿಯುವುದು 18, ದಶಮಾನದಲ್ಲಿ 24. ಆ ಪಾಯಿಂಟರ್ ತೋರಿಸಬೇಕಿದ್ದ ರಚನೆಯಲ್ಲಿ 24 ಬೈಟುಗಳಾಚೆಯ ಸದಸ್ಯವನ್ನು ಕೋಡು ಮುಟ್ಟಹೊರಟಿತ್ತೆಂದು ಇದರಿಂದ ಗೊತ್ತಾಗುತ್ತದೆ. ಆಮೇಲೆ ಡಂಪನ್ನು, ಅಂದರೆ ಕುಸಿದ ಗಳಿಗೆಯ ಮೆಮೊರಿಯ ಪ್ರತಿಯನ್ನು, ಕ್ರ್ಯಾಷ್ ಎಂಬ ಉಪಕರಣದಲ್ಲಿ ತೆರೆದು, ಆ ಸದಸ್ಯ ಯಾವುದೆಂದು ಸ್ಟ್ರಕ್ಟ್ ಆಜ್ಞೆಯಿಂದಲೂ, ವಿಷ ತುಂಬಿದ ಜಾಗ ಯಾವ ಬಗೆಯ ವಸ್ತುವಿಗೆ ಸೇರಿತ್ತೆಂದು ಕೆ-ಮೆಮ್ ಆಜ್ಞೆಯಿಂದಲೂ ಕೇಳಿ ತಿಳಿಯುವ ಆ ಕೆಲವು ನಿಮಿಷಗಳ ಸುಖ ಈ ಕಸುಬಿನಲ್ಲಿ ಮತ್ತೆಲ್ಲೂ ಇಲ್ಲ.

ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ಓದದೆಯೇ ಕೈಬಿಡುವವರಿದ್ದಾರೆಂಬುದು ದುಃಖದ ಸಂಗತಿ. ಕುಸಿದ ಸಾಲಿನ ಹಿಂದೆ, ಪಾಯಿಂಟರ್ ಶೂನ್ಯವಾಗಿದ್ದರೆ ಸುಮ್ಮನೆ ಮರಳಿ ಹೋಗು ಎಂಬ ಪರೀಕ್ಷೆಯೊಂದನ್ನು ಸೇರಿಸಿ, ಅದನ್ನೇ ಪರಿಹಾರವೆಂದು ಕಳುಹಿಸಿಕೊಡುವ ಪದ್ಧತಿ ಬೇರೂರಿಬಿಟ್ಟಿದೆ. 6ಬಿ ಶೂನ್ಯವಲ್ಲವಾದ್ದರಿಂದ ವಿಷದ ಮುಂದೆ ಆ ಪರೀಕ್ಷೆ ನಡೆಯುವುದೇ ಇಲ್ಲ. ತಪಾಸಣೆ ಚಾಲೂ ಇಲ್ಲದ ಯಂತ್ರದಲ್ಲಿ, ಬಿಟ್ಟ ಜಾಗದಲ್ಲಿ ಅಕಸ್ಮಾತ್ ಶೂನ್ಯವಿದ್ದರೆ, ಕುಸಿತ ನಿಂತಂತೆ ಕಾಣುತ್ತದೆ. ನಿಂತದ್ದು ಕುಸಿತ ಮಾತ್ರ. ಜಾಗ ಈಗಾಗಲೇ ಇನ್ನೊಬ್ಬನ ಪಾಲಾಗಿರುತ್ತದೆ, ಹಳೆಯ ಒಡೆಯ ಅದರಲ್ಲಿ ಬರೆಯುತ್ತಲೇ ಇರುತ್ತಾನೆ, ಮತ್ತು ಅದೇ ಜಾಗದಲ್ಲಿ ಕಡತವ್ಯವಸ್ಥೆಯ ದತ್ತಾಂಶವಿದ್ದರೆ ತಪ್ಪು ಬೈಟುಗಳು ಸದ್ದಿಲ್ಲದೆ ಡಿಸ್ಕಿಗೆ ಇಳಿಯುತ್ತವೆ. ಗಟ್ಟಿಯಾಗಿ ಕೂಗಿ ಸತ್ತ ಕರ್ನಲ್ಲಿನ ಬಾಯಿಗೆ ಬಟ್ಟೆ ತುರುಕುವ ಈ ತೇಪೆ ಕೆಲಸ ಸೋಮಾರಿತನವಷ್ಟೇ ಅಲ್ಲ, ಆ ಯಂತ್ರವನ್ನು ನಂಬಿದವರಿಗೆ ಮಾಡುವ ಮೋಸ.

ಡಂಪ್ ಸಿಗುವುದೇ ಒಂದು ಕಾಲಕ್ಕೆ ಅದೃಷ್ಟದ ಮಾತಾಗಿತ್ತು, ಏಕೆಂದರೆ ಕೆಟ್ಟುಹೋದ ಕರ್ನಲ್ಲೇ ತನ್ನ ಮಹಜರನ್ನು ಡಿಸ್ಕಿನ ಮೇಲೆ ಬರೆಯಬೇಕಿತ್ತು. 2005ರಲ್ಲಿ ಲಿನಕ್ಸಿಗೆ ಸೇರಿದ ಕೆಡಂಪ್ ಈ ಭಾರವನ್ನು ಸತ್ತವನಿಂದ ಇಳಿಸಿತು: ಮೊದಲೇ ಕಾಯ್ದಿರಿಸಿದ ಮೆಮೊರಿಯಲ್ಲಿ ಎರಡನೆಯ ಕರ್ನಲ್ಲೊಂದು ಕಾದಿದ್ದು, ಕುಸಿತವಾದೊಡನೆ ಎದ್ದು, ಹಳೆಯದರ ಮೆಮೊರಿಯನ್ನು ಕಡತವೊಂದರಂತೆ ಓದಿ ಉಳಿಸುತ್ತದೆ. ಇದನ್ನು ಕಟ್ಟಿದವರಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳಿದ್ದರೆಂಬುದನ್ನು ಕನ್ನಡದ ಓದುಗರು ಅಭಿಮಾನದಿಂದ ನೆನೆಯಬಹುದು.

ಆದರೆ ಮಹಜರು ಹೆಣ ಹೇಗೆ ಬಿದ್ದಿತ್ತೆಂದು ಹೇಳುತ್ತದೆ. ಅಲ್ಲಿಗೆ ಯಾರು ಬಂದು ಹೋದರೆಂದು ಹೇಳುವುದು ಟ್ರೇಸಿಂಗ್, ಅಂದರೆ ನಡೆದ ಘಟನೆಗಳನ್ನು ಕಾಲಕ್ರಮದಲ್ಲಿ ದಾಖಲಿಸುವ ವಿದ್ಯೆ. ಇವೆರಡೂ ಹೊಸವೇನಲ್ಲ. ಕೇಂಬ್ರಿಜಿನ ಎಡ್ಸ್ಯಾಕ್ ಗಣಕದಲ್ಲಿ ಓಡುವ ಪ್ರೋಗ್ರಾಮುಗಳ ತಪ್ಪುಗಳನ್ನು ಪತ್ತೆಹಚ್ಚುವ ಬಗೆಯನ್ನು ಕುರಿತು ಸ್ಟ್ಯಾನ್ಲಿ ಗಿಲ್ 1951ರಲ್ಲೇ ಬರೆದಿದ್ದು, ನಡೆಯುವ ಆಜ್ಞೆಗಳ ಅಕ್ಷರಗಳನ್ನು ಒಂದೊಂದಾಗಿ ಅಚ್ಚುಮಾಡುವ ಉಪಾಯವನ್ನು ಅಲ್ಲಿ ವಿವರಿಸಿದ್ದಾನೆ. 2008ರಿಂದ ಲಿನಕ್ಸಿನಲ್ಲಿರುವ ಎಫ್‌ಟ್ರೇಸ್ ತನ್ನ ದಾಖಲೆಯನ್ನು ಅಚ್ಚುಮಾಡದೆ ಮೆಮೊರಿಯಲ್ಲೇ ವರ್ತುಲಾಕಾರದ ಬಫರಿನಲ್ಲಿ ಇಟ್ಟುಕೊಳ್ಳುವುದರಿಂದ, ಪ್ರಿಂಟ್‌-ಕೆ ಎಂಬ ಸಂದೇಶ ಅಚ್ಚುಮಾಡುವ ಸಾಲುಗಳನ್ನು ತುರುಕಿ ಓಟದ ಲಯವನ್ನೇ ಬದಲಿಸಿ ತಪ್ಪನ್ನು ಮಾಯಮಾಡುವವರ ಅವಸ್ಥೆ ಇದಕ್ಕೆ ಅಷ್ಟಾಗಿ ಬಾರದು. ಮೆಮೊರಿಯಲ್ಲಿರುವುದೆಲ್ಲ ಡಂಪಿನಲ್ಲೂ ಇರುತ್ತದಷ್ಟೆ. ಹಾಗಾಗಿ ಆ ಬಫರನ್ನೂ ಕ್ರ್ಯಾಷ್ ಉಪಕರಣದ ವಿಸ್ತರಣೆಯೊಂದರಿಂದ ಹೊರತೆಗೆಯಬಹುದು. ಜಾಗ ಬಿಡುವ ಘಟನೆಗಳ ದಾಖಲೆ ಚಾಲೂ ಇದ್ದಿದ್ದರೆ, ವಿಷ ತುಂಬಿದ ಆ ಜಾಗದ ವಿಳಾಸವನ್ನು ಹಿಡಿದು ಹಿಂದಕ್ಕೆ ಹುಡುಕುತ್ತ ಹೋದಾಗ, ಕುಸಿತಕ್ಕೆ ಕೆಲವೇ ಮೈಕ್ರೊಸೆಕೆಂಡುಗಳ ಮೊದಲು ಬೇರೊಂದು ಪ್ರೊಸೆಸರಿನಲ್ಲಿ ಅದೇ ವಿಳಾಸವನ್ನು ಕೆ-ಫ್ರೀ ಎಂಬ ಬಿಡುಗಡೆಯ ಫಂಕ್ಷನ್ನಿಗೆ ಒಪ್ಪಿಸಿದ ಸಾಲು, ಒಪ್ಪಿಸಿದ ಕೋಡಿನ ಗುರುತಿನೊಡನೆ, ಸಿಕ್ಕಿಬಿಡುತ್ತದೆ.