ಮಾವನ ಒಂದೇ ಮಾತು

ಮಾತು ನಾಲಗೆಯಲ್ಲಿರುತ್ತದೆಂದು ನಾವೆಲ್ಲ ನಂಬಿ ನಡೆಯುವವರು. ಹಗುರಾಗಿ ಮಾತಾಡಿದವನಿಗೆ ‘ನಾಲಗೆ ಬಿಗಿ ಹಿಡಿ’ ಎನ್ನುತ್ತೇವೆ. ಕೊಟ್ಟ ಮಾತಿಗೆ ತಪ್ಪಿದವನನ್ನು ಎರಡು ನಾಲಗೆಯವನೆಂದು ಹಳಿಯುತ್ತೇವೆ. ಕೂಸಿಗೆ ಮಾತು ಚೆನ್ನಾಗಿ ಬರಲೆಂದು ಹಳ್ಳಿಯ ಮುದುಕಿಯರು ಬಜಿ ತೇಯ್ದು ಹಚ್ಚುವುದೂ ನಾಲಗೆಗೇ. ಈ ನಂಬಿಕೆಯಿಂದ ಸಾಮಾನ್ಯವಾಗಿ ಯಾರಿಗೂ ಕೇಡಾಗುವುದಿಲ್ಲ. ನನ್ನ ಸೋದರಮಾವನ ವಿಷಯದಲ್ಲಿ ಮಾತ್ರ ಆಯಿತು. ಆ ಕೇಡಿನಲ್ಲಿ ನನ್ನದೂ ಒಂದು ಪಾಲು ಇದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಮಾವನ ಊರು ಸವಣೂರ ತಾಲೂಕಿನ ಹತ್ತಿಮತ್ತೂರು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದೆಂದು ವಿದ್ವಾಂಸರು ಗುರುತಿಸಿದ ಒಂದು ಕನ್ನಡ ಶಾಸನ ಆ ಊರಿನದು. ಎಂದರೆ ಎಂಟನೆಯ ಶತಮಾನದಲ್ಲಿಯೇ ಅಲ್ಲಿ ಕನ್ನಡವನ್ನು ಕಲ್ಲಿನ ಮೇಲೆ ಕೆತ್ತುವವರಿದ್ದರು. ನಾನು ಬೇಸಿಗೆಯ ರಜೆಗೆ ಹೋಗುತ್ತಿದ್ದ ಕಾಲದಲ್ಲಿ ನನಗೆ ಶಾಸನದ ಗೊಡವೆಯಿರಲಿಲ್ಲ. ಮಾವನ ಮಾತು ಸಾಕಾಗಿತ್ತು. ಮನೆಯಲ್ಲಿ ಕನ್ನಡ, ಸವಣೂರಿಗೆ ಎಲೆ ತರಲು ಹೋದರೆ ವ್ಯಾಪಾರಿಗಳೊಡನೆ ಅಷ್ಟೇ ಸರಾಗವಾಗಿ ಉರ್ದು. 1948ರ ವರೆಗೆ ನವಾಬರ ಸಂಸ್ಥಾನವಾಗಿದ್ದ ಊರು ಅದು; ಪೇಟೆಯಲ್ಲಿ ಎರಡೂ ಮಾತು ನಡೆಯುತ್ತಿದ್ದವು. ರಾತ್ರಿ ಭಜನೆಗೆ ಕುಳಿತರೆ ಮಾವ ಶಿಶುನಾಳ ಶರೀಫರ ತತ್ವಪದ ಹಿಡಿಯುತ್ತಿದ್ದರು. ಶರೀಫರ ಶಿಶುವಿನಹಾಳ ಪಕ್ಕದ ಶಿಗ್ಗಾಂವಿ ತಾಲೂಕಿನದೇ ಆದುದರಿಂದ ಅವರನ್ನು ಮಾವ ‘ನಮ್ಮ ಶರೀಫಜ್ಜ’ ಎಂದು, ಮನೆಯ ಹಿರಿಯರನ್ನು ನೆನೆಸಿದಂತೆ ನೆನೆಸುತ್ತಿದ್ದರು.

2014ರಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ, ಒಂದು ಬೆಳಗಿನ ಜಾವ ಮಾವ ಕೊಟ್ಟಿಗೆಯಲ್ಲಿ ಬಿದ್ದರು. ಬಲಗೈ, ಬಲಗಾಲು ಎರಡೂ ಸೋತವು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಲಕ್ವಾ ಹೊಡೆಯಿತೆಂದರು. ಅತ್ತೆ ಬಜಿ ತೇಯ್ದು ನಾಲಗೆಗೆ ಹಚ್ಚಿದಳು. ಯಾರೋ ಎಣ್ಣೆ ತಿಕ್ಕಿದರು, ಯಾರೋ ಅಂತ್ರ ಕಟ್ಟಿಸಿದರು. ಹುಬ್ಬಳ್ಳಿಯ ಆಸ್ಪತ್ರೆ ಸೇರುವ ಹೊತ್ತಿಗೆ ಮರುದಿನ ಮಧ್ಯಾಹ್ನವಾಗಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವಾ ಹೊಡೆದಿದ್ದರೆ ಅದನ್ನು ಕರಗಿಸುವ ಮದ್ದಿದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಇದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಲುವೆಯ ಬಾಯಿ ಕಟ್ಟಿಕೊಂಡರೆ ಕೊನೆಯ ಹೊಲ ಮೊದಲು ಒಣಗುವುದನ್ನು ಮಾವ ಎಷ್ಟು ಸಲ ನೋಡಿದ್ದರೋ! ಅವರ ತಲೆಯೊಳಗೂ ಅದೇ ಆಗಿದ್ದಿತು.

ಜೀವ ಉಳಿಯಿತು. ತಿಂಗಳಾದ ಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದರು. ಮಾತು ಮಾತ್ರ ಒಂದೇ ಉಳಿದುಕೊಂಡಿತು: ‘ಹಂಗ’. ನೀರು ಬೇಕಾದರೂ ಹಂಗ, ಬೇಡವಾದರೂ ಹಂಗ. ಸಿಟ್ಟು ಬಂದರೆ ಹಂಗ ಹಂಗ ಹಂಗ.

“ತಮ್ಮಾ, ನಾಲಗಿಗೆ ಏನೂ ಆಗಿಲ್ಲ ನೋಡಪಾ” ಎಂದಳು ಅತ್ತೆ. “ಉಣ್ತಾರ, ನುಂಗ್ತಾರ. ಮಾತ ಎಲ್ಲಿಗೆ ಹೋತು?”

ಇಷ್ಟು ನೇರವಾದ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ಬೆಂಗಳೂರಿನಿಂದ ಹೋದ ನನಗೆ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಾಗದಪತ್ರ ನೋಡಿದವನಿಗೆ, ತೋಚಲಿಲ್ಲ. ಮಾತು ಹೋಯಿತು, ಅದರೊಡನೆ ತಿಳಿವೂ ಹೋಯಿತು ಎಂದುಕೊಂಡೆ. ಮನೆಯವರೆಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಆ ದಿನ ಪಡಸಾಲೆಯಲ್ಲಿ ಹೊಲದ ವಾಟಣಿಯ ಮಾತು ನಡೆದಿತ್ತು. ಮಾವ ಅಲ್ಲೇ ಹೊರಸಿನ ಮೇಲೆ ಕುಳಿತಿದ್ದರು.

“ಅಪ್ಪಗ ಈಗ ಏನೂ ತಿಳಿಯಂಗಿಲ್ಲ. ಸಹಿ ಹೆಂಗ ಮಾಡ್ತಾರ?” ಎಂದ ಮಾವನ ಹಿರಿಯ ಮಗ.

“ಅದಕ್ಕೇನು, ಹೆಬ್ಬೆಟ್ಟು ಒತ್ತಿಸಿದರಾಯಿತು” ಎಂದೆ ನಾನು.

ಮಾವ ನನ್ನ ಕಡೆ ನೋಡಿ “ಹಂಗ!” ಎಂದರು. ಕಣ್ಣಲ್ಲಿ ನೀರು ಬಂದಿತು. ಈ ಬೇನೆಯವರಿಗೆ ಸುಮ್ಮಸುಮ್ಮನೆ ಅಳು ಬರುತ್ತದಂತೆ ಎಂದು ಯಾರೋ ಹೇಳಿದರು. ನಾವು ಚಹಾ ಕುಡಿದು ಮಾತು ಮುಂದುವರಿಸಿದೆವು.

ಎರಡು ವಾರದ ಮೇಲೆ ಮಾವನನ್ನು ಹುಬ್ಬಳ್ಳಿಗೆ, ಮಾತು ಕಲಿಸುವವರ ಬಳಿಗೆ, ಕರೆದುಕೊಂಡು ಹೋದೆವು. ಈ ವಿದ್ಯೆಯನ್ನು ಕಲಿಸಲೆಂದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಗಿದೆ. ಅಲ್ಲಿ ಕಲಿತು ಬಂದ ಹುಡುಗಿ ಆಕೆ. ನಮ್ಮ ಯಾರ ಕಡೆಗೂ ನೋಡದೆ ಮಾವನ ಎದುರಿಗೆ ಕುಳಿತಳು.

“ಅಜ್ಜಾರ, ಬಾಗಲಾ ತೋರಸ್ರಿ ನೋಡೋಣು.”

ಮಾವ ಎಡಗೈಯಿಂದ ಬಾಗಿಲು ತೋರಿಸಿದರು.

“ಈಗ ರಾತ್ರಿ ಆಗೇತೇನ್ರಿ?”

ಇಲ್ಲವೆಂದು ತಲೆಯಾಡಿಸಿದರು. “ಹುಲಿ ಹುಲ್ಲು ತಿಂತೈತೇನ್ರಿ?” ಎಂದುದಕ್ಕೆ ನಕ್ಕೇಬಿಟ್ಟರು. ಹೀಗೆ ಅರ್ಧ ತಾಸು ನಡೆಯಿತು. ಕೊನೆಗೆ ಆಕೆ ನಮ್ಮತ್ತ ತಿರುಗಿ, “ಇವರಿಗೆ ಹೆಚ್ಚುಕಡಿಮೆ ಎಲ್ಲಾ ತಿಳೀತೈತಿ. ಹೇಳಾಕಷ್ಟ ಬರಂಗಿಲ್ಲ” ಎಂದಳು.

ಅಂದು ಪಡಸಾಲೆಯಲ್ಲಿ ನಾನಾಡಿದ ಮಾತು ಮಾವನಿಗೆ ತಿಳಿದಿತ್ತು ಎಂಬುದು ನನಗೆ ತಿಳಿದದ್ದು ಆ ಆಸ್ಪತ್ರೆಯ ಬೆಂಚಿನ ಮೇಲೆ.

ಬೆಂಗಳೂರಿಗೆ ಮರಳಿದ ಮೇಲೆ ಈ ವಿಷಯವನ್ನು ಓದತೊಡಗಿದೆ. ಓದಿದಷ್ಟೂ ನಾಚಿಕೆ ಹೆಚ್ಚಿತು. ನಮಗೆ ಹೊಸದಾಗಿ ಕಂಡದ್ದು ಲೋಕಕ್ಕೆ ಒಂದೂವರೆ ಶತಮಾನದ ಹಳೆಯ ಸಂಗತಿ. ಪ್ಯಾರಿಸ್ಸಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಇಪ್ಪತ್ತೊಂದು ವರ್ಷ ಅವನ ಬಾಯಿಂದ ಹೊರಟದ್ದು ಹೆಚ್ಚಾಗಿ ‘ಟ್ಯಾನ್’ ಎಂಬ ಒಂದೇ ಸದ್ದು. ಆದರೆ ಕೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. 1861ರಲ್ಲಿ ಅವನು ತೀರಿಕೊಂಡಾಗ ಪಾಲ್ ಬ್ರೋಕಾ ಎಂಬ ವೈದ್ಯ ಅವನ ಮಿದುಳನ್ನು ಪರೀಕ್ಷಿಸಿ, ಎಡಭಾಗದಲ್ಲಿ, ಹಣೆಯ ಹಿಂದಿನ ಕೆಳಬದಿಯಲ್ಲಿ, ಗಾಯವನ್ನು ಕಂಡ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ತಿರುವುಮುರುವಾದ ರೋಗಿಗಳನ್ನು ವರ್ಣಿಸಿದ. ಅವರ ಮಾತು ಹೊಳೆಯಂತೆ ಹರಿಯುತ್ತದೆ, ಅರ್ಥ ಮಾತ್ರ ಇಲ್ಲ. ಕೇಳಿದ್ದೂ ಸರಿಯಾಗಿ ತಿಳಿಯುವುದಿಲ್ಲ. ಅವರ ಪೆಟ್ಟಿನ ಜಾಗ ಎಡಗಿವಿಯ ಮೇಲೆ, ತುಸು ಹಿಂದೆ. ಬಲಗೈ ಬಳಸುವವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ಮಾತಿನ ಮುಖ್ಯ ವ್ಯವಹಾರ ಮಿದುಳಿನ ಎಡ ಅರ್ಧದ್ದು. ಬಲಗೈಯನ್ನು ಆಡಿಸುವುದೂ ಅದೇ ಅರ್ಧ. ಮಾವನ ಬಲಗೈ ಮತ್ತು ಮಾತು ಒಂದೇ ಬೆಳಗಿನಲ್ಲಿ ಹೋದದ್ದೇಕೆಂದು ಆಗ ತಿಳಿಯಿತು.

ಹಾಗೆಂದು ಮಾತು ಒಂದು ಗೂಟಕ್ಕೆ ಕಟ್ಟಿದ ದನವೂ ಅಲ್ಲ. ಕಾದಿಟ್ಟಿದ್ದ ಲೆಬೋರ್ನ್‌ನ ಮಿದುಳನ್ನು ಈಚಿನ ಯಂತ್ರಗಳಿಂದ ಮತ್ತೆ ನೋಡಿ 2007ರಲ್ಲಿ ಪ್ರಕಟಿಸಿದರು. ಗಾಯ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಹೋಗಿದ್ದಿತು. ಊರುಗಳಷ್ಟೇ ಊರುಗಳ ನಡುವಿನ ದಾರಿಗಳೂ ಮುಖ್ಯವೆಂದು ಈಗಿನವರ ತಿಳಿವಳಿಕೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳುಗಳ ಒಂದು ಸಂಗ್ರಹಾಲಯವಿದೆ. ಅಲ್ಲಿಗೂ ಹೋದೆ. ನಮ್ಮಂಥವರ ಕೈಗೂ ಒಂದು ಮಿದುಳನ್ನು ಕೊಡುತ್ತಾರೆ. ಅಂಗೈಗಳೆರಡನ್ನೂ ಜೋಡಿಸಿ ಹಿಡಿದುಕೊಂಡೆ. ಪ್ರಾಯದ ಮನುಷ್ಯನ ಮಿದುಳು 1,300ರಿಂದ 1,400 ಗ್ರಾಂ ತೂಗುತ್ತದೆ. ಒಳಗೆ ಸುಮಾರು 8,600 ಕೋಟಿ ನರಕೋಶಗಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನ ಈ ಗಂಟು, ದೇಹ ಸುಮ್ಮನಿರುವಾಗ ಖರ್ಚುಮಾಡುವ ಶಕ್ತಿಯಲ್ಲಿ ಇಪ್ಪತ್ತು ಪಾಲನ್ನು ತಾನೇ ತಿನ್ನುತ್ತದೆ. ಅದನ್ನು ಹೊರಳಿಸಿ ಎಡಭಾಗವನ್ನು ನೋಡಿದೆ. ಬಲಭಾಗದಂತೆಯೇ ಇತ್ತು. ಹಿಂದೊಮ್ಮೆ ಅದರಲ್ಲಿ ಯಾರದೋ ತಾಯ್ನುಡಿ ಇದ್ದಿತು ಎನ್ನುವುದಕ್ಕೆ ಹೊರಗೆ ಯಾವ ಗುರುತೂ ಇರಲಿಲ್ಲ.

ಮುಂದಿನ ಸಲ ಹತ್ತಿಮತ್ತೂರಿಗೆ ಹೋದಾಗ ಮತ್ತೊಂದು ಬೆರಗು ಕಾದಿತ್ತು. ಸವಣೂರಿನ ಎಲೆ ವ್ಯಾಪಾರಿ, ಮಾವನ ನಲವತ್ತು ವರ್ಷದ ಗೆಳೆಯ, ನೋಡಲು ಬಂದರು. ಹೊಸ್ತಿಲಲ್ಲೇ ನಿಂತು “ಸಲಾಂ ಆಲೇಕುಂ” ಎಂದರು. ಮಾವ ಥಟ್ಟನೆ “ವಾಲೇಕುಂ ಸಲಾಂ” ಎಂದುಬಿಟ್ಟರು! ಅತ್ತೆಯ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಉರ್ದು ಉಳಿದು ಕನ್ನಡ ಹೋಯಿತೆ? ಹಾಗಲ್ಲ. ಗೆಳೆಯರು ಉರ್ದುವಿನಲ್ಲಿ ಕ್ಷೇಮ ಕೇಳಿದಾಗ ಮಾವ ಅಂದದ್ದು ಮತ್ತೆ ‘ಹಂಗ’ವೇ. ಸಲಾಮು, ಬೈಗುಳ, ಒಂದು ಎರಡು ಮೂರು ಎಂಬ ಎಣಿಕೆ, ದೇವರ ಹೆಸರು, ಇವು ಹೊಸದಾಗಿ ಕಟ್ಟಬೇಕಾದ ಮಾತುಗಳಲ್ಲ. ಸವೆದ ದಾರಿಯಲ್ಲಿ ತಾವಾಗಿ ನಡೆದು ಬರುವಂಥವು. ಮಾತು ಹೋದವರಲ್ಲಿ ಇವು ಎಷ್ಟೋ ಸಲ ಉಳಿಯುತ್ತವೆಂದು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ.

ಹಾಡಿನ ಸಂಗತಿಯೂ ಹೀಗೆಯೇ. ಒಂದು ಸಂಜೆ ಗುಡಿಯಿಂದ ಭಜನೆ ಕೇಳಿಬರುತ್ತಿತ್ತು. ಶರೀಫರ ಪದ. ಹೊರಸಿನ ಮೇಲಿದ್ದ ಮಾವ ಎಡಗೈಯಿಂದ ತಾಳ ಹಾಕುತ್ತ ಹಾಡಹತ್ತಿದರು. ಮೊದಲು ಬರಿ ರಾಗ. ಆಮೇಲೆ ನುಡಿ, ಒಂದು ನುಡಿ ಪೂರ್ತಿ! ಹಾಡು ನಿಂತಿತು. “ಏನ್ ಹಾಡಿದ್ರಿ ಮಾವ?” ಎಂದೆ. “ಹಂಗ” ಎಂದರು. ರಾಗದ ವಿಷಯದಲ್ಲಿ ಮಿದುಳಿನ ಬಲ ಅರ್ಧಕ್ಕೆ ದೊಡ್ಡ ಪಾಲಿದೆ. ಇದನ್ನು ನೆಚ್ಚಿ, ಬೇಕಾದ ಮಾತನ್ನು ರಾಗವಾಗಿ ಹೇಳಿಸಿ ಕಲಿಸುವ ಒಂದು ಕ್ರಮವನ್ನು ಅಮೆರಿಕೆಯ ಬಾಸ್ಟನ್ನಿನವರು 1973ರಲ್ಲಿ ಪ್ರಕಟಿಸಿದರು. ಹುಬ್ಬಳ್ಳಿಯ ಹುಡುಗಿಯೂ ಮಾವನಿಗೆ ‘ನೀ-ರು ಕೊ-ಡು’ ಎಂಬುದನ್ನು ಹಾಡಾಗಿಯೇ ಹೇಳಿಕೊಟ್ಟಳು. ಎಂಟು ತಿಂಗಳಲ್ಲಿ ಮಾವನಿಗೆ ಇಪ್ಪತ್ತು ಇಪ್ಪತ್ತೈದು ಮಾತು ಬಂದವು. ಅವುಗಳಲ್ಲಿ ಅತ್ತೆಯ ಹೆಸರೂ ಒಂದು. ಗಂಡ ಹೆಸರು ಹಿಡಿದು ಕರೆದದ್ದನ್ನು ಅದುವರೆಗೆ ಕೇಳಿರದ ಅತ್ತೆ ನಾಚಿಕೊಂಡು ಅಡಿಗೆಮನೆಗೆ ಹೋದಳು.

ಎರಡು ಭಾಷೆ ಬಲ್ಲವರಿಗೆ ಇಂಥ ಪೆಟ್ಟು ಕಡಿಮೆ ತಗಲುತ್ತದೆಯೆ ಎಂದು ನಾನು ಯೋಚಿಸಿದ್ದುಂಟು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಲಕ್ವಾ ಹೊಡೆದ 608 ಮಂದಿಯನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆನಪು, ಗಮನ ಮೊದಲಾದ ಶಕ್ತಿಗಳು ಕೆಡದೆ ಉಳಿದವರು ಒಂದೇ ಭಾಷೆಯವರಲ್ಲಿ ನೂರಕ್ಕೆ ಇಪ್ಪತ್ತು. ಎರಡು ಬಲ್ಲವರಲ್ಲಿ ನಲವತ್ತು. ಆದರೆ ಮಾತೇ ಹೋಗುವ ಬೇನೆ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು. ಸವಣೂರಿನ ಪೇಟೆ ಮಾವನ ನಾಲಗೆಯನ್ನು ಕಾಯಲಿಲ್ಲ. ತಿಳಿವನ್ನು ಕಾಯುವಲ್ಲಿ ಅದರ ಕೈಯೂ ಇದ್ದೀತೆಂದು ನಂಬಲು ನನಗೆ ಇಷ್ಟ.

ಆ ವರ್ಷ ಮಾವನ ಮೊಮ್ಮಗ ಒಂದನೆಯ ಇಯತ್ತೆಗೆ ಸೇರಿದ್ದ. ಸಂಜೆ ಪಾಟಿ ಹಿಡಿದು ಅಜ್ಜನ ಪಕ್ಕದಲ್ಲಿ ಕೂತು ಬಳ್ಳಿ ಬರೆಯುತ್ತಿದ್ದ. ಕನ್ನಡದ ಮೂಲಾಕ್ಷರ ಐವತ್ತರ ಒಳಗೇ ಆದರೂ ಕಾಗುಣಿತ, ಒತ್ತು ಸೇರಿ ನೂರಾರು ರೂಪಗಳಾಗುತ್ತವೆ. ಇವೆಲ್ಲ ಮಕ್ಕಳ ಹಿಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕಾಗುತ್ತದೆಂದು ಬೆಂಗಳೂರಿನ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷವಷ್ಟೆ; ಓದುವುದಕ್ಕೆಂದೇ ಮಿದುಳಿನಲ್ಲಿ ಮೊದಲಿನಿಂದ ಕೋಣೆಯಿರುವುದು ಸಾಧ್ಯವಿಲ್ಲ. ಮುಖವನ್ನು, ವಸ್ತುಗಳನ್ನು ಗುರುತಿಸುವ ನೆರೆಯಲ್ಲಿ, ಎಡಭಾಗದ ಹಿಂದೆ ಕೆಳಗೆ, ಪ್ರತಿಯೊಂದು ಮಗುವೂ ಆ ಜಾಗವನ್ನು ತಿದ್ದಿ ತಿದ್ದಿ ಸಿದ್ಧಪಡಿಸಿಕೊಳ್ಳಬೇಕು. ಅಂದು ಹತ್ತಿಮತ್ತೂರಿನಲ್ಲಿ ಕಲ್ಲು ಕೆತ್ತಿದವನೂ ಹೀಗೆಯೇ ಕಲಿತಿರಬೇಕು.

ಒಂದು ಸಂಜೆ ಮಾವ ಮೊಮ್ಮಗನ ಕೈಯಿಂದ ಬಳಪವನ್ನು ಎಡಗೈಗೆ ತೆಗೆದುಕೊಂಡರು. ಪಾಟಿಯ ಮೇಲೆ ಒಂದು ಗೆರೆ ಎಳೆದರು, ಒರೆಸಿದರು. ಮರುದಿನ ಮತ್ತೆ. ಹುಡುಗ ತನ್ನ ಗುರುಗಳ ಧಾಟಿಯಲ್ಲಿ “ಅಜ್ಜಾ, ತಲಿಕಟ್ಟು ಮರತಿ” ಎನ್ನುತ್ತಿದ್ದ. ಬಲಗೈಯಿಂದ ಐವತ್ತು ವರ್ಷ ಮಾಡಿದ ಸಹಿಯನ್ನು ಆ ಕೈಗೆ ಹೊಸದಾಗಿ ಕಲಿಸಲು ಮಾವನಿಗೆ ನಾಲ್ಕು ತಿಂಗಳು ಹಿಡಿಯಿತು. ಆಗ ಅವರಿಗೆ ಅರವತ್ತೊಂಬತ್ತು ವರ್ಷ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಏಕೆ ಕಲಿಯುತ್ತಿದ್ದರೆಂದು ಮನೆಯಲ್ಲಿ ತಿಳಿದವನು ಬಹುಶಃ ನಾನೊಬ್ಬನೇ.

2015ರಲ್ಲಿ ವಾಟಣಿಪತ್ರ ಸಿದ್ಧವಾಯಿತು. ಪ್ರತಿಯೊಂದು ಸರ್ವೆ ನಂಬರನ್ನೂ ಮಾವನಿಗೆ ಓದಿ ಹೇಳಿದೆ. ಎರಡು ಕಡೆ ಅವರು ಬೇಡವೆಂದು ಕೈಯಾಡಿಸಿದರು, ಅದರಂತೆ ತಿದ್ದಿಸಿದೆವು. ಕಚೇರಿಯಲ್ಲಿ ಗುಮಾಸ್ತರು ಮಾವನ ಸೊಟ್ಟ ಬಾಯಿಯನ್ನು, ಜೋಲುವ ಕೈಯನ್ನು ನೋಡಿ, ಮಸಿಯ ಡಬ್ಬಿಯನ್ನು ಮುಂದೆ ಸರಿಸುತ್ತ ನನ್ನನ್ನು ಕೇಳಿದರು:

“ಇವರಿಗೆ ತಿಳೀತೈತೇನ್ರಿ?”

“ಅವರನ್ನ ಕೇಳ್ರಿ” ಎಂದೆ.

ಗುಮಾಸ್ತರು ಕೇಳಿದರು. ಮಾವ “ಹೌದು” ಎಂದರು. ಮಸಿಯ ಡಬ್ಬಿಯನ್ನು ಬದಿಗೆ ಸರಿಸಿ, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ನಿಧಾನವಾಗಿ ಸಹಿ ಮಾಡಿದರು. ಅಕ್ಷರಗಳು ಒಂದನೆಯ ಇಯತ್ತೆಯ ಹುಡುಗನವುಗಳಂತೆ ದೊಡ್ಡವಾಗಿದ್ದವು. ಒಂದು ತಲೆಕಟ್ಟು ಬಿಟ್ಟುಹೋಗಿತ್ತು. ನೋಡಿಕೊಂಡು ಅದನ್ನೂ ಹಾಕಿದರು.

ಮಾವ 2019ರಲ್ಲಿ ತೀರಿಕೊಂಡರು. ಆ ದಿನದ ಮಾತಿಗಾಗಿ ನಾನು ಅವರ ಕ್ಷಮೆ ಕೇಳಿದ್ದೆ. ಕಚೇರಿಯಿಂದ ಮರಳುವಾಗ, ಬಸ್ಸಿನಲ್ಲಿ. ಕಿಟಕಿಯ ಹೊರಗೆ ನೋಡುತ್ತಿದ್ದವರು ನನ್ನ ಕಡೆ ತಿರುಗಿ, ಪೆನ್ನನ್ನು ನನ್ನ ಜೇಬಿಗೆ ಮರಳಿ ಸಿಕ್ಕಿಸಿ, “ಹಂಗ” ಎಂದರು.